ಹವಾ ಹೆಂಗೈತಿ?

ಸದಲಗಾದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ‘ಹವಾ ಹೆಂಗೈತಿ?’ ಎಂದು ಕೇಳಿದಾಗ ತಲೆಯೆತ್ತಿ ಮುಗಿಲು ನೋಡಿದವನು ಪರವೂರಿನವನು ಎಂದೇ ತಿಳಿಯಬೇಕು. ಊರಿನವನು ಮುಗಿಲು ನೋಡುವುದಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಯಾರ್ಯಾರು ಕೂತಿದ್ದಾರೆ ಎಂದು ನೋಡುತ್ತಾನೆ. ಆಮೇಲೆ ದನಿ ತಗ್ಗಿಸಿ, ‘ಈ ಸಲ ಅವರದ ಹವಾ ಐತಿ ಬಿಡ್ರಿ’ ಎನ್ನುತ್ತಾನೆ. ಹವಾ ಎಂದರೆ ನಮಗೆ ಇಲೆಕ್ಷನ್ ಹವಾ. 2008ರ ಮರುವಿಂಗಡಣೆಗೆ ಮುಂಚೆ ನಮ್ಮದು ಸ್ವತಂತ್ರ ಸದಲಗಾ ಕ್ಷೇತ್ರ. ಆಮೇಲೆ ಚಿಕ್ಕೋಡಿಗೆ ಒಂದು ಅಡ್ಡಗೆರೆ ಎಳೆದು ಅದರ ಬಾಲಕ್ಕೆ ನಮ್ಮನ್ನು ಗಂಟು ಹಾಕಿದರು. ಕ್ಷೇತ್ರ ಹೋದರೂ ಹವಾ ನೋಡುವ ಚಟ ಹೋಗಲಿಲ್ಲ. ಅದಕ್ಕೆ ಮೀಟರು ಬೇಡ, ಒಂದು ಕಪ್ ಚಹಾ ಸಾಕು.

ಹೀಗಾಗಿ ಪುಣೆಯಲ್ಲಿರುವ ನಮ್ಮ ಮಗರಾಯ ಫೋನಿನಲ್ಲಿ, ‘ಅಪ್ಪಾ, ನಮ್ಮ ಮನಿಯೊಳಗಿನ ಹವಾ ಚಲೋ ಇಲ್ಲ’ ಎಂದಾಗ ಅವನು ತನ್ನ ತಾಯಿ ಮತ್ತು ನನ್ನ ತಾಯಿಯ ವಿಷಯ ಹೇಳುತ್ತಿದ್ದಾನೆ ಎಂದುಕೊಂಡೆ. ‘ಅದೇನ್ ಹೊಸಾದಲ್ಲೋ ತಮ್ಮಾ, ನನ್ನ ಮದವಿ ಆದಾಗಿಂದ ಹಂಗ ಐತಿ’ ಎಂದೆ.

‘ಆ ಹವಾ ಅಲ್ಲಪ್ಪಾ, ಉಸಿರಾಡೋ ಹವಾ!’

ದೀಪಾವಳಿಗೆ ಬಂದಾಗ ಅವನ ಕೈಯಲ್ಲಿ ಅಂಗೈಯಗಲದ ಒಂದು ವಸ್ತು ಇತ್ತು. ಹೊಸ ನಮೂನೆ ಮೊಬೈಲು ಎಂದು ನಾವು ಸುಮ್ಮನಿದ್ದೆವು. ಅದು ಹವಾ ಅಳೆಯುವ ಮೀಟರಂತೆ. ಪಡಸಾಲೆ, ಅಡುಗೆಮನೆ, ದೇವರ ಜಗಲಿ, ಅವ್ವನ ಖೋಲಿ ಎಲ್ಲ ಕಡೆ ಸಿಐಡಿ ಹಾಗೆ ಓಡಾಡಿ ಅಂಕಿ ಬರೆದುಕೊಂಡು ಹೋಗಿದ್ದಾನೆ. ಎಂಬತ್ನಾಲ್ಕರ ಅಜ್ಜಿ ರಾತ್ರಿಯೆಲ್ಲ ಕೆಮ್ಮುವುದು ವಯಸ್ಸಿಗಲ್ಲ, ಮನೆಯ ಹವಾಕ್ಕೆ ಎಂಬುದು ಅವನ ತೀರ್ಪು. ಮುಂದಿನ ವಾರ ಕೊರಿಯರಿನವನು ಒಂದು ಪೆಟ್ಟಿಗೆ ಇಳಿಸಿದ. ಬಿಚ್ಚಿದರೆ ಸೊಂಟದೆತ್ತರದ ಒಂದು ಬಿಳಿ ಕಂಬ. ನೆತ್ತಿಯ ಮೇಲೆ ದೀಪದ ಬಳೆ, ಹೊಟ್ಟೆಯ ಮೇಲೆ ಅಂಕಿ. ಅವ್ವ ತಟ್ಟಿ ನೋಡಿ, ‘ಹಿಟ್ಟಿನ ಡಬ್ಬಿ ಚಲೋ ಐತಿ, ಮುಚ್ಚಳ ಎಲ್ಲೈತಿ?’ ಎಂದಳು.

ವಿಡಿಯೋ ಕಾಲಿನಲ್ಲಿ ಮಗ ಪಾಠ ಶುರು ಮಾಡಿದ. ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರನಿಗೆ ಪಾಠ! ‘ಅಪ್ಪಾ, ಆ ಅಂಕಿ ಪಿಎಂ ಎರಡೂವರೆ.’ ದೇಶಕ್ಕೆ ಪಿಎಂ ಒಬ್ಬರೇ, ಎರಡೂವರೆ ಹೇಗಾದಾರು ಎಂದೆ. ಕರ್ನಾಟಕದವರಿಗೆ ಎರಡೂವರೆ ಎಂಬ ಅಂಕಿ ಕಿವಿಗೆ ಬಿದ್ದರೆ ಸಿಎಂ ಕುರ್ಚಿಯೇ ಕಣ್ಣ ಮುಂದೆ ಬರುವುದು ಸಹಜ. ಇದು ಕುರ್ಚಿಯಲ್ಲ, ಕಣ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಧೂಳು. ನಮ್ಮ ತಲೆಗೂದಲಿನ ದಪ್ಪ ಐವತ್ತರಿಂದ ಎಪ್ಪತ್ತು ಮೈಕ್ರಾನ್; ಅದರ ಎದುರು ಇದು ಆನೆಯ ಮುಂದಿನ ಆಡು. ದೊಡ್ಡ ಧೂಳನ್ನು ಮೂಗಿನ ಕೂದಲು, ಗಂಟಲಿನ ಕಫ ಹಿಡಿದು ವಾಪಸು ಕಳಿಸುತ್ತವೆ. ಇದು ಚೆಕ್‌ಪೋಸ್ಟ್ ತಪ್ಪಿಸುವ ಲಾರಿಯ ಹಾಗೆ ಒಳದಾರಿ ಹಿಡಿದು ಪುಪ್ಪುಸದ ತಳ ಮುಟ್ಟುತ್ತದೆ, ಅಲ್ಲಿಂದ ರಕ್ತಕ್ಕೂ ಇಳಿಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶ ಸ್ವಲ್ಪ ಉದಾರಿ, 60ರವರೆಗೆ ಮಾಫಿ.

ನಮ್ಮ ಪಡಸಾಲೆಯಲ್ಲಿ ಅಂಕಿ 41 ಇತ್ತು. ದೀಪದ ಬಳೆ ಹಸಿರು. ಪಾಸಾದೆವು ಎಂದು ನಾನು ಎದೆ ಉಬ್ಬಿಸುವಷ್ಟರಲ್ಲಿ ಒಳಗೆ ನನ್ನಾಕೆ ಬದನೆಕಾಯಿ ಎಣ್ಣೆಗಾಯಿಗೆ ಒಗ್ಗರಣೆ ಹಾಕಿದಳು. ಸಂಕೇಶ್ವರದ ಮೆಣಸಿನಕಾಯಿ, ಕಾದ ಎಣ್ಣೆ, ಜಜ್ಜಿದ ಬಳ್ಳೊಳ್ಳಿ. ಮೊದಲು ಅವ್ವ ಕೆಮ್ಮಿದಳು, ಆಮೇಲೆ ನಾನು, ಕಟ್ಟೆಯ ಮೇಲೆ ಮಲಗಿದ್ದ ನಾಯಿಯೂ ಸೀನಿತು. ಅಂಕಿ 120, 240, 386 ಎಂದು ಹರಾಜಿನ ಹಾಗೆ ಏರಿತು. ಬಳೆ ಕೆಂಪಾಯಿತು. ಕಂಬ ‘ಗೊರ್’ ಎಂದು ಗರ್ಜಿಸಲು ಶುರು ಮಾಡಿತು.

ನನ್ನಾಕೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ‘ಯಾಕ, ಏನಾತು?’

‘ನಿನ್ನ ಒಗ್ಗರಣಿಗೆ ಕೆಂಪು ದೀಪ ಹತ್ತೇತಿ.’

‘ಮೂವತ್ತೆರಡ ವರ್ಷ ಉಂಡವರು ಸುಮ್ಮ ಅದಾರ. ನಿನ್ನಿ ಬಂದಿದ್ದು ನನ್ನ ಅಡಿಗಿಗೆ ಹೆಸರಿಡಾತೈತಿ!’

ಅಂದಿನಿಂದ ಇಬ್ಬರ ನಡುವೆ, ಅಂದರೆ ನನ್ನಾಕೆ ಮತ್ತು ಕಂಬದ ನಡುವೆ, ಮಾತಿಲ್ಲ.

ಸುದ್ದಿ ಓಣಿಗೆ ಹಬ್ಬಿತು. ಸದಲಗಾದಲ್ಲಿ ಗಾಳಿಸುದ್ದಿಯ ವೇಗ ಅಳೆಯುವ ಮೀಟರು ಇನ್ನೂ ಹುಟ್ಟಿಲ್ಲ. ಹವಾ ತೊಳೆಯುವ ಮಷೀನು ನೋಡಲು ಬಂದವರೆಲ್ಲ ಬರಿಗೈಯಲ್ಲಿ ಬರಲಿಲ್ಲ, ಪ್ರತಿಯೊಬ್ಬರೂ ಒಂದೊಂದು ಪರೀಕ್ಷೆ ತಂದರು. ಬೀದಿಯ ಕೊನೆಯ ದೊಡ್ಡಪ್ಪ ಬೀಡಿ ಹಚ್ಚಿ ಕಂಬದ ಮೋರೆಗೇ ಹೊಗೆ ಬಿಟ್ಟು, ಕೆಂಪಾದದ್ದು ನೋಡಿ ‘ನಿಪ್ಪಾಣಿ ಮಾಲಿಗೆ ಇನ್ನೂ ಕಿಮ್ಮತ್ತೈತಿ’ ಎಂದು ಖುಷಿಪಟ್ಟ. ಹುಡುಗರು ಚಾಕ್‌ಪೀಸ್ ಉಜ್ಜಿದರು. ಒಬ್ಬ ಪುಣ್ಯಾತ್ಮ ಎರಡು ಮೂಲಂಗಿ ತಿಂದು ಬಂದು ಅರ್ಧ ತಾಸು ಪಕ್ಕದಲ್ಲಿ ಕೂತ. ಕಂಬ ಹಸಿರಾಗಿಯೇ ಇತ್ತು, ನಾವು ಎದ್ದು ಹೊರಗೆ ಹೋದೆವು. ಆಗಲೇ ನನಗೆ ಒಂದು ಸಂಶಯ ಬಂದದ್ದು: ಇದು ಕಣ ಎಣಿಸುವ ಕಣ್ಣು, ಮೂಗಲ್ಲ. ಒಳಗೆ ಒಂದು ಲೇಸರ್ ಕಿರಣ, ಅದಕ್ಕೆ ಅಡ್ಡ ಬಂದ ಕಣ ಬೆಳಕು ಚೆದುರಿಸಿದರೆ ಲೆಕ್ಕಕ್ಕೆ ಬರುತ್ತದೆ. ಕುಕ್ಕರಿನ ಆವಿಯೂ ಅದಕ್ಕೆ ಹೊಗೆಯಂತೆ ಕಾಣಬಹುದು. ಅನಿಲಗಳು ಅದರ ಮುಂದೆಯೇ ಮೆರವಣಿಗೆ ಹೋದರೂ ಗೊತ್ತಾಗುವುದಿಲ್ಲ.

ಮರುದಿನ ಮುಂಜಾನೆ ಅವ್ವನ ಪೂಜೆ. ಅವ್ವ ಊದಿನಕಡ್ಡಿ ಹಚ್ಚುವುದು ಒಂದೆರಡಲ್ಲ, ಒಂದೊಂದು ದೇವರಿಗೆ ಒಂದೊಂದರಂತೆ. ನಮ್ಮ ಜಗಲಿಯಲ್ಲಿ ದೇವರ ಸಂಖ್ಯೆ ಸಣ್ಣ ಸಚಿವ ಸಂಪುಟದಷ್ಟಿದೆ. ಅಂಕಿ ಮತ್ತೆ ನಾಲ್ಕು ನೂರರ ಹತ್ತಿರ. ಮಗ ಫೋನಿನಲ್ಲಿ, ಒಂದು ಗ್ರಾಂ ಊದಿನಕಡ್ಡಿ ಉರಿದರೆ 45 ಮಿಲಿಗ್ರಾಮಿಗೂ ಹೆಚ್ಚು ಕಣ, ಅಷ್ಟೇ ಸಿಗರೇಟಿಗೆ ಬರೀ 10 ಎಂದು ಓದಿ ಹೇಳಿದ. ನಾನು ಆ ವಾಕ್ಯವನ್ನು ಅವ್ವನಿಗೆ ದಾಟಿಸುವ ಧೈರ್ಯ ಮಾಡಲಿಲ್ಲ. ‘ದೇವರಿಗೂ ಕೆಮ್ಮು ಬರತೈತಿ ಅಂತ’ ಎಂದು ಸುತ್ತಿ ಬಳಸಿ ಹೇಳಿದೆ. ‘ದೇವರು ನಿಮ್ಮಂಗ ನಾಜೂಕಿಲ್ಲ’ ಎಂದಳು. ಸೊಳ್ಳೆ ಕಾಯಿಲಿನ ಲೆಕ್ಕ ಮಾತ್ರ ಹೇಳಿಬಿಟ್ಟೆ, ಯಾಕೆಂದರೆ ಅದು ನನ್ನಾಕೆಯ ಖಾತೆ. 2003ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಒಂದು ಕಾಯಿಲ್ ಸುಟ್ಟು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮಕಣ ಬಿಡುತ್ತದೆ. ಜೀವಮಾನದಲ್ಲಿ ಬೀಡಿ ಮುಟ್ಟದ ನಾನು ದಿನಾ ರಾತ್ರಿ ಮಂಚದ ಕೆಳಗೆ ನೂರು ಸಿಗರೇಟು ಹಚ್ಚಿಟ್ಟುಕೊಂಡು, ಖಿಡಕಿ ಹಾಕಿಕೊಂಡು, ದೇವರ ಹೆಸರು ಹೇಳಿ ಮಲಗುತ್ತಿದ್ದೆ. ಸೊಳ್ಳೆಪರದೆ ಎಂಬ ಅಜ್ಜನ ಕಾಲದ ಯಂತ್ರಕ್ಕೆ ಕರೆಂಟೂ ಬೇಡ, ಫಿಲ್ಟರೂ ಬೇಡ. ಆದರೆ ಅದನ್ನು ಕಟ್ಟುವ ನಾಲ್ಕು ಮೊಳೆ ಹೊಸ ಗೋಡೆಗೆ ಹೊಡೆಯಬಾರದಂತೆ, ಪೇಂಟು ಏಳುತ್ತದಂತೆ.

ಕಂಬದ ನಿಜವಾದ ಪರೀಕ್ಷೆ ಆದದ್ದು ಮಗಳು ಬಾಣಂತನಕ್ಕೆ ಬಂದಾಗ. ನಮ್ಮ ಕಡೆ ಬಾಣಂತಿ ಖೋಲಿ ಎಂದರೆ ಅದೊಂದು ಪ್ರತ್ಯೇಕ ಹವಾಮಾನ ವಲಯ. ಖಿಡಕಿಯ ಸಂದಿಗೆ ಹಳೇ ಸೀರೆ, ಬಾಗಿಲಿಗೆ ಕೌದಿ, ತಾಯಿ-ಮಗುವಿನ ಕಿವಿಗೆ ಬಟ್ಟೆ. ಹೊರಸಿನ ಕೆಳಗೆ ಕೆಂಡದ ಶೇಗಡಿ. ಮೇಲೆ ಅಜವಾನ, ಬಳ್ಳೊಳ್ಳಿ ಸಿಪ್ಪೆ, ಲೋಬಾನ. ಎಲ್ಲಕ್ಕೂ ಕಾರಣ ಒಂದೇ: ‘ಹವಾ ಬಡೀತೈತಿ.’ ಇಲ್ಲಿ ಹವಾ ಎಂದರೆ ಮೂರನೆಯ ಅರ್ಥ, ಇಲೆಕ್ಷನ್ನಿನದಲ್ಲ, ಪಿಎಂ ಎರಡೂವರೆಯದೂ ಅಲ್ಲ. ಹುಣಸೆಮರದ ಕೆಳಗೆ ಹಾದು ಬಂದವರಿಗೆ ಬಡಿಯುವುದು, ಆಮೇಲೆ ನಿಂಬೆಹಣ್ಣು ಇಳಿಸಿದರೆ ಹೋಗುವುದು. ಈ ಹವಾ ಖಿಡಕಿಯಿಂದಲೇ ಬರುತ್ತದೆ, ಬಾಗಿಲು ತಟ್ಟುವ ಸೌಜನ್ಯ ಅದಕ್ಕಿಲ್ಲ.

ನಾನು ಕಂಬವನ್ನು ಆ ಖೋಲಿಗೆ ಸಾಗಿಸಿದೆ. ಲೋಬಾನ ಬಿದ್ದಾಗ ಅದು ಕೆಂಪಾಗಿ ಕೂಗಾಡಿತು, ನಿಜ. ಆದರೆ ಒಂದು ತಾಸಿನ ಮೇಲೆ ಹೊಗೆಯೆಲ್ಲ ತೀರಿ ಕೆಂಡ ಮಾತ್ರ ನಿಗಿನಿಗಿ ಉಳಿದಾಗ ಅಂಕಿ ಇಳಿಯುತ್ತ ಇಳಿಯುತ್ತ 30ಕ್ಕೆ ಬಂದು ಹಸಿರಾಯಿತು. ಅವ್ವ ಗೆದ್ದ ಕುಸ್ತಿಯ ಪೈಲವಾನನ ಹಾಗೆ ನನ್ನ ಕಡೆ ನೋಡಿದಳು. ‘ನಿನ್ನ ಮಷೀನ ಪಾಸ್ ಮಾಡೇತಿ ನೋಡ!’

ನನಗೆ ಎದೆ ಧಸಕ್ಕೆಂದಿತು. ಹೊಗೆ ಕಾಣುವವರೆಗೆ ಮನುಷ್ಯ ಕೆಮ್ಮುತ್ತಾನೆ, ಎದ್ದು ಹೊರಗೆ ಓಡುತ್ತಾನೆ. ಮುಚ್ಚಿದ ಖೋಲಿಯಲ್ಲಿ ಹೊಗೆಯಿಲ್ಲದ ಕೆಂಡ ಬಿಡುವುದು ಕಾರ್ಬನ್ ಮೊನಾಕ್ಸೈಡು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಸೀಟಿಗೆ ಟವೆಲ್ ಹಾಕಿ ಕೂತುಬಿಡುತ್ತದೆ. ಅದಕ್ಕೆ ಹಿಮೋಗ್ಲೋಬಿನ್ ಮೇಲಿರುವ ಹಿಡಿತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಚಳಿಗೆ ಕೆಂಡ ಹಾಕಿಕೊಂಡು ಬಾಗಿಲು ಮುಚ್ಚಿ ಮಲಗಿದವರು ಬೆಳಗ್ಗೆ ಏಳಲಿಲ್ಲ ಎಂಬ ಸುದ್ದಿ ಪೇಪರಿನಲ್ಲಿ ಬರುವುದು ಇದರಿಂದಲೇ. ನಮ್ಮ ಬಿಳಿ ಕಂಬಕ್ಕೆ ಇದರ ಗಂಧಗಾಳಿಯೂ ಇಲ್ಲ. ಕಣವಲ್ಲವಲ್ಲ, ಅದರ ಫಿಲ್ಟರಿನಲ್ಲಿ ಆರಾಮಾಗಿ ಹಾದುಹೋಗುತ್ತದೆ.

ಶೇಗಡಿ ಎತ್ತಿಕೊಂಡು ಅಂಗಳಕ್ಕೆ ನಡೆದೆ. ಹಿಂದಿನಿಂದ ಅವ್ವ, ‘ನಾ ನಾಲ್ಕ ಹಡದೇನಿ, ನೀ ಎಷ್ಟ ಹಡದಿ?’ ಎಂದಳು. ಈ ಪ್ರಶ್ನೆಗೆ ವಿಜ್ಞಾನದಲ್ಲಿ ಉತ್ತರವಿಲ್ಲ. ‘ನೀವು ನಾಲ್ಕೂ ಮಂದಿ ಬದುಕೀರಲ್ಲ’ ಎಂದಳು ಮತ್ತೆ. ಅದೂ ನಿಜವೇ. ಹೇಗೆ ಬದುಕಿದೆವು ಎಂದು ಆ ರಾತ್ರಿ ಯೋಚಿಸಿದಾಗ ಹಳೇ ಮನೆ ನೆನಪಾಯಿತು.

ಹಳೇ ಮನೆಗೆ ಹೆಂಚು. ಹೆಂಚಿನ ನಡುನಡುವೆ ಸಂದಿ. ಅಡುಗೆಮನೆಯ ನೆತ್ತಿಗೆ ಒಂದು ಬೆಳಕಿಂಡಿ. ಗೋಡೆ ಮಣ್ಣಿನವು, ಬಾಗಿಲಿಗೆ ಅಂಗೈ ತೂರುವಷ್ಟು ಸಂದಿ. ಬಾಣಂತಿ ಖೋಲಿಗೆ ಎಷ್ಟೇ ಕೌದಿ ಕಟ್ಟಿದರೂ ಮೇಲಿನಿಂದ ಹವಾ ಆಡುತ್ತಲೇ ಇತ್ತು. ಎಲ್ಲ ಬಂದ್ ಮಾಡಿದೆ ಎಂದು ಅವ್ವ ಅಂದುಕೊಂಡಿದ್ದಳು, ಮನೆ ಅವಳ ಮಾತು ಕೇಳುತ್ತಿರಲಿಲ್ಲ. ಈಗಿನ ಮನೆ ಮಾತು ಕೇಳುತ್ತದೆ. ಆರ್‌ಸಿಸಿ ಸ್ಲ್ಯಾಬು, ಸ್ಲೈಡಿಂಗ್ ಗಾಜು, ಸಂದಿಗೆ ರಬ್ಬರು. ಬಂದ್ ಅಂದರೆ ಭಾರತ ಬಂದ್.

ಹಾಗೆಂದು ಹಳೇ ಮನೆಯ ಹವಾಕ್ಕೆ ಆರತಿ ಎತ್ತುವ ಮಾಸ್ತರ ನಾನಲ್ಲ. ಬಾಗಿಲು ದಾಟಿದರೆ ಮೊದಲು ಎಮ್ಮೆ-ಎತ್ತು, ಅವುಗಳ ಆಚೆ ಎತ್ತರದ ಪಡಸಾಲೆಯಲ್ಲಿ ನಾವು. ಒಳಗೆ ಒಲೆ: ಕಟ್ಟಿಗೆ, ಕುಳ್ಳು, ಕಬ್ಬಿನ ರವದಿ, ಮಳೆಗಾಲದಲ್ಲಿ ಎಲ್ಲವೂ ಹಸಿ. ಗೋಡೆ, ತೊಲೆ, ಜೇಡರ ಬಲೆ ಎಲ್ಲ ಮಸಿ ಹಿಡಿದು ಇಲ್ಲಣ ಜೋತಾಡುತ್ತಿತ್ತು. ಕೈಗೆ ಗಾಯವಾದರೆ ಅದನ್ನೇ ಮೆತ್ತುತ್ತಿದ್ದರು. ಗಂಡಸರು ಕಟ್ಟೆಯ ಮೇಲೆ ಕೂತು ‘ರೊಟ್ಟಿ ಆತೇನ?’ ಎಂದು ಕೂಗುವುದು, ಅವ್ವ ಒಳಗೆ ಊದುಗೊಳವೆಯಿಂದ ಊದಿ ಊದಿ, ಕಣ್ಣು ಕೆಂಪಾಗಿ, ಮೂಗು ಒರೆಸುತ್ತ ‘ಆತು ಬಾ’ ಎನ್ನುವುದು. ಹೊಗೆ ಬೆಳಕಿಂಡಿಗೆ ಹೋಗುತ್ತಿದ್ದದ್ದು ಅವ್ವನ ಪುಪ್ಪುಸವನ್ನು ಒಂದು ಸುತ್ತು ಹಾಕಿದ ಮೇಲೆ. ಕಟ್ಟಿಗೆ ಒಲೆಯ ಅಡುಗೆಮನೆಯಲ್ಲಿ ಅಡುಗೆಯ ಹೊತ್ತಿಗೆ ಆ ಅಂಕಿ ಸಾವಿರ ದಾಟುವುದು ದೊಡ್ಡ ಮಾತಲ್ಲ. ಮನೆಯೊಳಗಿನ ಹೊಗೆಯಿಂದ 2020ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎಂಬತ್ನಾಲ್ಕರ ಕೆಮ್ಮು ಇವತ್ತಿನ ಊದಿನಕಡ್ಡಿಯದಷ್ಟೇ ಅಲ್ಲ, 1960ರ ಹಸಿ ಕಟ್ಟಿಗೆಯದೂ ಇದ್ದೀತು. ಬಾಕಿ ವಸೂಲಿ.

ಯಾರೂ ಯೋಚಿಸಲಿಲ್ಲ ಎಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು, ಹಳ್ಳಿಗೆ ಬೇಕಾದ ವಿಜ್ಞಾನ ಮಾಡಲಿಕ್ಕೆ. ಅಲ್ಲಿಂದ ಬಂದ ಅಸ್ತ್ರ ಒಲೆಗೆ ಮೂರು ಪಾತ್ರೆಯ ಸ್ಥಾನ, ಹೊಗೆಗೆ ಕೊಳವೆ, ಕಟ್ಟಿಗೆಯೂ ಕಡಿಮೆ. ರಾಕೆಟ್ ಬಿಡುವವರ ಊರಿನಲ್ಲಿ ಒಲೆಯ ಬಗ್ಗೆ ತಲೆ ಕೆಡಿಸಿಕೊಂಡ ಇಂಜಿನಿಯರುಗಳಿಗೆ ನನ್ನದೊಂದು ದೊಡ್ಡ ನಮಸ್ಕಾರ. ಕೇಂದ್ರ ಸರಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದಿತು. ನಮ್ಮ ಮನೆಯಲ್ಲೂ ಒಬ್ಬ ಗೌಂಡಿ, ಕಣ್ಣಳತೆಯಲ್ಲೇ, ಹೊಗೆಯಿಲ್ಲದ ಒಲೆ ಎಂದು ಒಂದನ್ನು ಕಟ್ಟಿಕೊಟ್ಟಿದ್ದ. ಎರಡು ವರ್ಷ ಕೊಳವೆಯ ಮಸಿ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಗೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಬಂತು. ಕೊನೆಗೆ ಅಪ್ಪ ಕೊಳವೆ ಕಿತ್ತು ಬಾರುಕೋಲು, ಕೊಡೆ ನಿಲ್ಲಿಸಲು ಬಾಗಿಲ ಪಕ್ಕ ಇಟ್ಟ. ಒಳ್ಳೇ ಕೊಡೆಗೂಡಾಗಿತ್ತು.

ಈಗ ಅಡುಗೆಗೆ ಗ್ಯಾಸು ಬಂದಿದೆ. 2016ರ ಮೇ 1ರಂದು ಶುರುವಾದ ಉಜ್ವಲಾದಿಂದ ಗ್ಯಾಸಿಲ್ಲದ ಮನೆಗಳಿಗೂ ಸಿಲಿಂಡರು ಕಾಲಿಟ್ಟಿತು. ಆದರೆ ಸ್ನಾನದ ನೀರು? ಗ್ಯಾಸಿನ ಮೇಲೆ ಸ್ನಾನದ ನೀರು ಕಾಸುವವನು ನಮ್ಮ ಊರಿನಲ್ಲಿ ಒಂದೋ ಸಾಹುಕಾರ, ಇಲ್ಲವೋ ಹುಚ್ಚ. ಬಚ್ಚಲಿನ ಒಲೆ, ತಾಮ್ರದ ಹಂಡೆ, ಕೆಲವರಲ್ಲಿ ಬಂಬ. ಅದಕ್ಕೆ ರವದಿ, ಗೋವಿನಜೋಳದ ಬೆಂಡು, ಹೊತ್ತಿಸಲು ಪ್ಲಾಸ್ಟಿಕ್ ಹಾಳೆ. ಚಳಿಗಾಲದ ಬೆಳಗಿನ ಐದೂವರೆಗೆ ಊರಿನ ಎಲ್ಲ ಹಂಡೆಗಳೂ ಒಮ್ಮೆಲೇ ಹೊತ್ತುತ್ತವೆ. ತಣ್ಣನೆಯ ಗಾಳಿ ನೆಲ ಬಿಟ್ಟು ಏಳುವುದಿಲ್ಲ, ಹೊಗೆಯೂ ಅದರ ಕಂಬಳಿಯಲ್ಲೇ ಮಲಗಿರುತ್ತದೆ. ಅದೇ ಹೊತ್ತಿಗೆ ನಮ್ಮ ವಾಕಿಂಗ್ ಮಂಡಳಿ ಮಫ್ಲರ್ ಸುತ್ತಿಕೊಂಡು, ‘ಮುಂಜಾನಿ ಶುದ್ಧ ಹವಾ’ ಎಂದು ಎದೆ ತುಂಬ ಎಳೆದುಕೊಳ್ಳುತ್ತ ದೂಧಗಂಗಾ ಹೊಳೆಯ ಕಡೆ ಹೋಗುತ್ತದೆ. ಖಿಡಕಿ ತೆಗೆಯುವುದಿದ್ದರೆ ಬಿಸಿಲು ಏರಿ ಗಾಳಿ ಕದಡಿದ ಮೇಲೆ, ಹನ್ನೊಂದರಿಂದ ನಾಲ್ಕರ ನಡುವೆ ತೆಗೆಯಿರಿ ಎಂದರೆ ಇವರು ನಂಬುವುದಿಲ್ಲ. ಆ ಹೊತ್ತಿಗೆ ಅವರು ಖಿಡಕಿ ಮುಚ್ಚಿ ಮಲಗಿರುತ್ತಾರೆ.

ಇನ್ನು ಕಬ್ಬಿನ ಹಂಗಾಮು. ನವೆಂಬರಿನಿಂದ ಸುತ್ತಲಿನ ಕಾರ್ಖಾನೆಗಳು ನುರಿಸಲು ಶುರು ಮಾಡಿದರೆ ಗದ್ದೆಗಳಲ್ಲಿ ರವದಿಗೆ ಬೆಂಕಿ. ಕಪ್ಪು ಎಳೆಗಳು ಮದುವೆಯ ಅಕ್ಷತೆಯ ಹಾಗೆ ಹಾರಿ ಬಂದು ಹಪ್ಪಳದ ಮೇಲೆ, ಒಗೆದ ಧೋತರದ ಮೇಲೆ ಬೀಳುತ್ತವೆ. ಅದು ಕಣ್ಣಿಗೆ ಕಾಣುವ ದಪ್ಪ ಬೂದಿ, ಬೈದು ಜಾಡಿಸಬಹುದು. ಕಾಣದ್ದು ಒಳಗೆ ಬಂದಾಗಿರುತ್ತದೆ. ರವದಿಯನ್ನು ಸುಡದೆ ಸಾಲಿನಲ್ಲೇ ಹಾಸಿದರೆ ಭೂಮಿಗೆ ಗೊಬ್ಬರ, ತೇವವೂ ನಿಲ್ಲುತ್ತದೆ ಎಂದು ಎಲ್ಲ ರೈತರಿಗೂ ಗೊತ್ತು. ನನಗೂ ಗೊತ್ತು. ಹೋದ ವರ್ಷ ನನ್ನ ಎರಡು ಎಕರೆಯಲ್ಲಿ ಕಡ್ಡಿ ಗೀರಿದವರು ಯಾರು ಎಂದು ಮಾತ್ರ ಕೇಳಬೇಡಿ.

ನಿಪ್ಪಾಣಿಯ ನನ್ನ ಅಕ್ಕ ಇದನ್ನೆಲ್ಲ ಕೇಳಿ ನಗುತ್ತಾಳೆ. ಅವಳ ಓಣಿಯಲ್ಲಿ ತಂಬಾಕಿನ ವಖಾರಿಗಳಿವೆ. ಅಲ್ಲಿಗೆ ಹೋದ ನೆಂಟ ಚಪ್ಪಲಿ ಬಿಡುವ ಮೊದಲೇ ಸೀನುತ್ತಾನೆ. ಒಂಟಿ ಸೀನು ಅಪಶಕುನ ಎಂಬ ನಂಬಿಕೆ ನಿಪ್ಪಾಣಿಯಲ್ಲಿ ಬದುಕಲು ಸಾಧ್ಯವೇ ಇಲ್ಲ, ಯಾಕೆಂದರೆ ಅಲ್ಲಿ ಯಾರೂ ಒಂದೇ ಸಲ ಸೀನುವುದಿಲ್ಲ. ನಗೆ ಅಷ್ಟಕ್ಕೇ ಸಾಕು. ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಜರ್ದಾ ಸೋಸುವ, ಕುಟ್ಟುವ ಹೆಣ್ಣುಮಕ್ಕಳಿಗೆ ಆ ಧೂಳೇ ಹವಾ. ಅವರ ಸಂಘಟನೆಯ ಮೇಲೆ ಯುಗಾಂತರ ಎಂಬ ಮಹಿಳಾ ತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು. ಅವರಲ್ಲಿ ಯಾರ ಮನೆಗೂ ಪುಣೆಯಿಂದ ಬಿಳಿ ಕಂಬ ಬಂದಿರಲಾರದು.

ಹೊಗೆ, ಬೂದಿ, ಜರ್ದಾ ಆದ ಮೇಲೆ ಉಳಿದದ್ದು ನೀರು. 2019ರ ಆಗಸ್ಟಿನಲ್ಲಿ ದೂಧಗಂಗಾ ಉಕ್ಕಿದ್ದು ನೆನಪಿದೆಯಲ್ಲ? ಮಲಿಕವಾಡ–ದತ್ತವಾಡ, ಯಕ್ಸಂಬಾ–ದಾನವಾಡದ ಸೇತುವೆಗಳು ಪ್ರತಿ ಮಳೆಗಾಲ ನೀರೊಳಗೆ ಒಂದು ಮುಳುಗು ಹಾಕಿ ಏಳುವವೇ. ಆ ವರ್ಷ ಮನೆಗಳೂ ಮುಳುಗು ಹಾಕಿದವು. ನೀರು ಇಳಿಯಿತು, ಗೋಡೆಯೊಳಗಿನ ತೇವ ಇಳಿಯಲಿಲ್ಲ. ಹೊಸ ಮನೆಗಳವರು ಕಲೆ ಕಾಣಬಾರದೆಂದು ಗಡಿಬಿಡಿಯಲ್ಲಿ ಮೇಲೆ ಪ್ಲಾಸ್ಟಿಕ್ ಪೇಂಟು ಬಳಿದರು. ತೇವ ಒಳಗೇ ಕೂತು ಬೂಷ್ಟು ಬೆಳೆಸಿತು, ಮಕ್ಕಳಿಗೆ ಉಬ್ಬಸ. ಸುಣ್ಣ ಬಳಿದ ಹಳೇ ಗೋಡೆಗಳು ಮಾತ್ರ ಉಸಿರಾಡಿಕೊಂಡು ತಾವೇ ಒಣಗಿದವು. ಸುಣ್ಣದ ಕ್ಷಾರಕ್ಕೆ ಬೂಷ್ಟು ಹತ್ತಿರ ಬರುವುದಿಲ್ಲ. ದಸರೆಗೆ ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಎಂದು ಬುರುಡೆ ಬಿಡುವುದಿಲ್ಲ. ಅವರಿಗೆ ಗೊತ್ತಿದ್ದದ್ದು ಸುಣ್ಣ ಅಗ್ಗ ಎಂಬುದು.

ಮನೆಯೊಳಗಿನ ಹವಾದ ತಕರಾರನ್ನು ಬೇರುಸಹಿತ ಕಿತ್ತವರು ನಮ್ಮೂರಿನಲ್ಲಿ ಒಬ್ಬರೇ. 1946ರ ಅಕ್ಟೋಬರ್ 10ರಂದು ಹುಟ್ಟಿದ ಸದಲಗಾದ ಹುಡುಗ ವಿದ್ಯಾಧರ, ಮುಂದೆ ದಿಗಂಬರ ಜೈನ ಮುನಿ ಆಚಾರ್ಯ ವಿದ್ಯಾಸಾಗರ ಮಹಾರಾಜರಾಗಿ, 2024ರ ಫೆಬ್ರುವರಿಯಲ್ಲಿ ಡೊಂಗರಗಢದಲ್ಲಿ ಸಮಾಧಿ ಹೊಂದುವವರೆಗೆ ಕಾಲ್ನಡಿಗೆಯಲ್ಲೇ ನಡೆದರು. ದಿಕ್ಕುಗಳೇ ಬಟ್ಟೆಯಾದವರಿಗೆ ಮನೆಯೆಲ್ಲಿ, ಒಳಗಿನ ಹವಾ ಎಲ್ಲಿ? ಅಷ್ಟು ದೂರ ಹೋಗಲು ನಮ್ಮಂಥವರಿಗೆ ಆಗದು. ಆದರೆ ಎದುರುಮನೆಯ ಜೈನ ಕುಟುಂಬ ಸೂರ್ಯ ಮುಳುಗುವುದರೊಳಗೆ ಉಂಡು ಒಲೆ ಆರಿಸುತ್ತದೆ. ಮಗನ ಮೀಟರು ಅವರ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ತೋರಿಸಿದ್ದು ನಮ್ಮದರ ಅರ್ಧ. ಆ ಹೊತ್ತಿಗೆ ನಮ್ಮಲ್ಲಿ ಎರಡನೆಯ ಒಗ್ಗರಣೆ ಏಳುತ್ತಿರುತ್ತದೆ.

ನನ್ನಾಕೆ ತಾನೂ ಸುಧಾರಣೆಗೆ ಹೊರಟು ಪಡಸಾಲೆಗೆ ಮನಿಪ್ಲಾಂಟು, ಹಾವಿನಪಟ್ಟಿ ಕುಂಡಗಳನ್ನು ತಂದಿಟ್ಟಳು, ಹವಾ ಶುದ್ಧ ಮಾಡುತ್ತವಂತೆ, ನಾಸಾದವರೇ ಹೇಳಿದ್ದಾರಂತೆ. ಹೇಳಿದ್ದು ಹೌದು, 1989ರಲ್ಲಿ. ಆದರೆ ಗಾಳಿಯಾಡದ ಪೆಟ್ಟಿಗೆಯೊಳಗೆ ಗಿಡ ಇಟ್ಟು. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಾಗ, ಮನೆಗೆ ಸಹಜವಾಗಿ ಬಂದುಹೋಗುವ ಗಾಳಿಯ ಕೆಲಸವನ್ನು ಗಿಡ ಮಾಡಬೇಕಾದರೆ ನೆಲದ ಒಂದೊಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಕುಂಡ ಬೇಕೆಂದು ಬಂತು. ನಾವು ಎಲ್ಲಿ ಮಲಗೋಣ, ಗದ್ದೆಯಲ್ಲೇ ಎಂದೆ. ‘ಚಂದ ಕಾಣತಾವ, ಇರಲಿ’ ಎಂದಳು. ಆ ಕಾರಣಕ್ಕೆ ನನ್ನ ತಕರಾರಿಲ್ಲ.

ಮಲಗುವ ಖೋಲಿಯ ಕಥೆ ಬೇರೆ. ನಾಲ್ಕು ಜನ ಗಾಜು ಹಾಕಿಕೊಂಡು ಮಲಗಿ ಬೆಳಗ್ಗೆ ತಲೆ ಭಾರ ಎಂದು ಏಳುವುದು; ಕಂಬ ರಾತ್ರಿಯೆಲ್ಲ ತಿರುಗಿ 12 ತೋರಿಸಿದರೂ ಭಾರ ಇಳಿಯದು. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಯಾವ ಫಿಲ್ಟರೂ ಹಿಡಿಯುವುದಿಲ್ಲ. ಮ್ಯೂನಿಕ್‌ನ ಪೆಟೆನ್‌ಕೋಫರ್ ಎಂಬ ಮಹಾಶಯ 1858ರಲ್ಲೇ, ಖೋಲಿಯಲ್ಲಿ ಅದು ಸಾವಿರಕ್ಕೆ ಒಂದು ಪಾಲು ದಾಟಿದರೆ ಹವಾ ಹಳಸಿತೆಂದು ತಿಳಿಯಿರಿ ಎಂದಿದ್ದ. ಹಳಸಿದ ಅನ್ನಕ್ಕೆ ಮತ್ತೆ ಒಗ್ಗರಣೆ ಕೊಟ್ಟು ಉಣ್ಣಬಹುದು. ಹಳಸಿದ ಹವಾಕ್ಕೆ ಖಿಡಕಿಯೇ ಗತಿ.

ಹಾಗೂ ಹೀಗೂ ಮನೆಯಲ್ಲಿ ಒಂದು ರಾಜಿಯಾಯಿತು. ಒಲೆಯ ನೆತ್ತಿಗೆ ಗೋಡೆ ಒಡೆದು ಹೊರಗೆ ದೂಡುವ ಫ್ಯಾನು ಕೂರಿಸಿದೆವು. ಗೌಂಡಿಗೆ ಕೊಟ್ಟದ್ದೂ ಸೇರಿ ಖರ್ಚು ಕಂಬದ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಮೂವತ್ತೆರಡು ವರ್ಷದಲ್ಲಿ ಅಲ್ಲಿಗೆ ಒಂದು ತೂತು ಬೇಕೆಂದು ನನಗೆ ಹೊಳೆಯದೆ ಇದ್ದದ್ದೇಕೆ ಎಂದು ನನ್ನಾಕೆ ಕೇಳಿದಳು. ನಾನು ಕಟ್ಟೆಯ ಮೇಲೆ ಇದ್ದೆನಲ್ಲ. ಮೇಲಿನ ವೆಂಟಿಲೇಟರಿಗೆ ಸೊಳ್ಳೆಜಾಲಿ ಬಡಿದು ಗಾಜು ತೆಗೆಸಿದೆವು. ಬಾಣಂತಿ ಖೋಲಿಯನ್ನು ಮೊದಲು ಶೇಗಡಿಯಿಂದ ಬೆಚ್ಚಗೆ ಮಾಡಿ, ಅದನ್ನು ಹೊರಗಿಟ್ಟು ಹವಾ ಆಡಿಸಿದ ಮೇಲೆ ತಾಯಿ-ಮಗು ಒಳಗೆ. ಕಸಬರಿಗೆಯ ಬದಲು ಹಸಿ ಅರಿವೆ. ದೇವರ ಸಂಪುಟಕ್ಕೆಲ್ಲ ಸೇರಿ ಒಂದೇ ಊದಿನಕಡ್ಡಿ; ಇದಕ್ಕೆ ಅವ್ವ ಒಪ್ಪಿದ್ದು ಊದಿನಕಡ್ಡಿಯ ಪ್ಯಾಕೆಟ್ಟಿನ ರೇಟು ಕೇಳಿದ ಮೇಲೆ.

ಕಂಬ ಅವ್ವನ ಖೋಲಿ ಸೇರಿತು. ಅವಳು ಅದಕ್ಕೆ ಕ್ರೋಶಾದಲ್ಲಿ ಹೆಣೆದ ಹೂವಿನ ಟೋಪಿ ಹಾಕಿದಳು, ಟಿವಿಗೆ, ಫ್ರಿಜ್ಜಿಗೆ ಹಾಕಿದ ಹಾಗೆಯೇ. ಹವಾ ಹೊರಗೆ ಬರುವ ಬಾಯಿಯೇ ಮುಚ್ಚಿತು. ತೆಗೆದರೆ ಮತ್ತೆ ಹಾಕುತ್ತಾಳೆ. ‘ಧೂಳ ಕುಂಡರತೈತಿ’ ಎನ್ನುತ್ತಾಳೆ, ಧೂಳು ಹಿಡಿಯಲೆಂದೇ ಹುಟ್ಟಿದ ಮಷೀನಿಗೆ. ಹಾಗೇ ಮಳೆಗಾಲ ಕಳೆಯಿತು.

ದಸರೆ ಬಂತು, ಖಂಡೆಪೂಜೆ. ಕುಡುಗೋಲು, ಕೊಡಲಿ, ಮೋಟಾರ್‌ಸೈಕಲ್ಲು, ಹೊಲಿಗೆ ಮಷೀನು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟೆವು. ಅವ್ವ ತಾನೇ ಕಂಬವನ್ನು ಎಳೆದು ತಂದು ನಡುವೆ ನಿಲ್ಲಿಸಿದಳು. ಟೋಪಿ ತೆಗೆದಳು. ವಿಭೂತಿ ಮೂರು ಬೆರಳು, ನಡುವೆ ಕುಂಕುಮ, ಕುತ್ತಿಗೆಗೆ ಚೆಂಡುಹೂವಿನ ಮಾಲೆ. ಅದಕ್ಕೂ ಜೀವ ಇರಲಿ ಎಂದು ಮೊಮ್ಮಗನ ಕೈಯಿಂದ ಬಟನ್ ಒತ್ತಿಸಿದಳು. ಹಬ್ಬದ ದಿನ ರಾಜಿ ರದ್ದು. ಒಂದು ಹಿಡಿ ಊದಿನಕಡ್ಡಿ ಹಚ್ಚಿ, ಮೇಲೆ ಲೋಬಾನದ ಧೂಪ ಹಾಕಿ, ಕಂಬದ ಮೂತಿಗೆ ಮೂರು ಸುತ್ತು ತಿರುಗಿಸಿದಳು.

ಅಂಕಿ ಓಡಿ ಓಡಿ 999ಕ್ಕೆ ನಿಂತುಬಿಟ್ಟಿತು. ಬಳೆ ಕೆಂಡಗೆಂಪು. ಕಂಬ ‘ಗೊರ್’ ಎಂದು ಕೂಗುತ್ತ ನಿಂತಲ್ಲೇ ನಡುಗಿತು, ಕೊರಳ ಮಾಲೆ ಅಲ್ಲಾಡಿತು.

ಅವ್ವ ಎರಡೂ ಕೈ ಜೋಡಿಸಿ ಹಿಂದೆ ಸರಿದಳು. ‘ಎಲ್ಲಾರೂ ಕೈ ಮುಗೀರಿ’ ಎಂದಳು. ‘ಇಷ್ಟ ದಿನ ಸುಮ್ಮ ಕುಂತಿತ್ತು. ಇವತ್ತ ಮೈಮ್ಯಾಲೆ ಬಂತ ನೋಡ!’